ಪೂಜೆಗಿಟ್ಟ ಯಂತ್ರ

ಬಸವಂತರಾಯರು ಅಂಗಿಯ ಜೇಬಿನಿಂದ ತಂಬಾಕಿನ ಡಬ್ಬಿ ತೆಗೆದದ್ದನ್ನು ನೋಡಿ ಕಾಂತಪ್ಪನಿಗೆ ಮೈಯೆಲ್ಲ ಉರಿಯಿತು.

ಆ ಕೋಣೆಗೆ ಯಾರೂ ಚಪ್ಪಲಿ ಹಾಕಿಕೊಂಡು ಬರುವಂತಿಲ್ಲ. ಅಲ್ಲಿ ಬೀಡಿ ಇಲ್ಲ, ಚಹಾ ಇಲ್ಲ, ಕ್ರಾಪು ಬಾಚುವುದೂ ಇಲ್ಲ. ಧೂಳು ಒಳಗೆ ಹೊಕ್ಕರೆ ಕಂಪ್ಯೂಟರು ಮುನಿಸಿಕೊಳ್ಳುತ್ತದೆ ಎಂದು ಕಾಂತಪ್ಪ ಒಮ್ಮೆ ಕಂಪನಿಯ ಚೇರ್ಮನ್ನರನ್ನೇ ಬಾಗಿಲಲ್ಲಿ ತಡೆದು ಬೂಟು ಬಿಚ್ಚಿಸಿದ್ದ. ಅಂಥ ಜಾಗದಲ್ಲಿ ಈ ಮನುಷ್ಯ ತಂಬಾಕು ತಿಕ್ಕಲು ಹೊರಟಿದ್ದಾನಲ್ಲ ಎಂದು ಅವನಿಗೆ ಸಿಟ್ಟು ಬಂತು.

ಆದರೆ ಬಸವಂತರಾಯರು ತಂಬಾಕು ತಿಕ್ಕಲಿಲ್ಲ. ಡಬ್ಬಿಯ ಇನ್ನೊಂದು ಬದಿಯ ಮುಚ್ಚಳ ತೆರೆದು, ಕಿರುಬೆರಳ ತುದಿಗೆ ತುಸು ಸುಣ್ಣ ತೆಗೆದುಕೊಂಡು, ಯಂತ್ರದ ಹಿಂಬದಿಗೆ ಹೋಗಿ ಕುಕ್ಕರಗಾಲಲ್ಲಿ ಕೂತರು.

ವಾರದ ಹಿಂದೆ, ದಸರೆಯ ಬೆಳಿಗ್ಗೆ, ಅದೇ ಜಾಗದಲ್ಲಿ ಆಪರೇಟರ್ ಅಂಗಾರ ಸತ್ತು ಬಿದ್ದಿದ್ದ.

ಯಂತ್ರದ ಹಿಂದೆ ಕಪಾಟಿನಂತೆ ಎರಡು ಕಬ್ಬಿಣದ ಬಾಗಿಲುಗಳಿದ್ದವು. ಬಾಗಿಲುಗಳು ಕೂಡುವ ಕಡೆ ಹಳದಿಯದೊಂದು ಬಳಿತ, ಅದರ ನಡುವೆ ಕುಂಕುಮದ ಬೊಟ್ಟು. ಮೇಲೆ ಚೆಂಡು ಹೂವಿನ ಮಾಲೆ ಒಣಗಿ ಕರಕಾಗಿತ್ತು. ಆಯುಧಪೂಜೆಗೆ ಇಟ್ಟ ಯಂತ್ರವನ್ನು ಮರುದಿನ ಪೂಜೆ ಇಳಿಸುವ ತನಕ ಯಾರೂ ಮುಟ್ಟಬಾರದು. ಈ ಸಲ ಇಳಿಸುವವರೇ ಇಲ್ಲವಾಗಿದ್ದರು. ಹೆಣ ಬಿದ್ದ ಕೋಣೆಯ ಪೂಜೆಗೆ ಕೈ ಹಾಕಲು ಯಾರಿಗೆ ತಾನೆ ಧೈರ್ಯ?

“ಇದು ಏನು ಹಚ್ಚೀರಿ, ಸಾಹೇಬ್ರ?” ಎಂದು ಬಸವಂತರಾಯರು ಹಳದಿ ಬಳಿತವನ್ನು ತೋರಿಸಿ ಕೇಳಿದರು.

“ಗಂಧ. ನವಮಿಯ ದಿನ ಎಲ್ಲರ ಎದುರು ನಾನೇ ತೇಯ್ದು ಹಚ್ಚಿದ್ದು,” ಎಂದ ಕಾಂತಪ್ಪ.

ರಾಯರು ಸುಣ್ಣದ ಬೆರಳನ್ನು ಹಳದಿಯ ಅಂಚಿಗೆ ಒತ್ತಿ ಮೆಲ್ಲಗೆ ಉಜ್ಜಿದರು. ಒಂದೆರಡು ಉಸಿರು ಎಳೆಯುವಷ್ಟರಲ್ಲಿ ಅಲ್ಲಿ ಕೆಂಪು ಬಣ್ಣ ಎದ್ದಿತು. ಮದುವೆ ಮನೆಯ ಆರತಿ ತಟ್ಟೆಯಲ್ಲಿ ಕಲೆಸಿದ ನೀರಿನ ಕೆಂಪು ಅದು.

“ಗಂಧ ಕೆಂಪಾಗೂದಿಲ್ಲ,” ಎಂದರು ರಾಯರು, ಎದ್ದು ನಿಂತು ಬೆರಳು ಒರೆಸಿಕೊಳ್ಳುತ್ತ. “ಅರಿಶಿಣ ಆಗ್ತದ.”

ಮುಂಬಯಿಯ ವಿಕ್ರೋಳಿಯ ಆ ಕೋಣೆಯಲ್ಲಿ ಬೇಸಿಗೆಯಲ್ಲೂ ಸ್ವೆಟರ್ ಬೇಕಾಗುವಷ್ಟು ತಂಪು ಇರುತ್ತಿತ್ತು; ಆದರೂ ಕಾಂತಪ್ಪನ ಕುತ್ತಿಗೆಯಲ್ಲಿ ಬೆವರು ಇಳಿಯಿತು.

ಪೊಲೀಸರ ಪ್ರಕಾರ ಅಂಗಾರನದು ಹೃದಯ ನಿಂತು ಆದ ಸಾವು. ಹೊರಗಿನ ಸೆಕೆ ತಾಳದೆ ತಂಪಿಗೆ ಬಂದು ಮಲಗಿದ್ದಾನೆ, ಮಲಗಿದಲ್ಲೇ ಹೋಗಿದ್ದಾನೆ. ಯಂತ್ರ ಪೂಜೆಗೆ ಇಟ್ಟದ್ದು, ಕರೆಂಟು ಇಲ್ಲ, ಹಚ್ಚಿದ ಗಂಧ ಬಿರಿದಿಲ್ಲ, ಮಾಲೆ ಹರಿದಿಲ್ಲ. ಹಾಗೆಂದು ಬರೆದುಕೊಂಡು ಹೋದವರಿಗೆ ಅಂಗಾರನ ಬಲಗೈ ಹೆಬ್ಬೆರಳಿನಲ್ಲಿ ಸುಟ್ಟ ಕಪ್ಪು ಚುಕ್ಕಿ ಕಾಣಲಿಲ್ಲ. ಚೇರ್ಮನ್ನರ ಶಿಫಾರಸಿನಿಂದ ಬಂದ ಖಾಸಗಿ ಪತ್ತೇದಾರ ಬಸವಂತರಾಯರಿಗೆ ಕಂಡಿತ್ತು. ಹೆಣ ಸುಡುವ ಮೊದಲು ನೋಡಿದೆ ಎಂದು ಅವರೇ ಹೇಳಿದ್ದರು.

ಈಗ ರಾಯರು ತಮ್ಮ ಲೆಕ್ಕವನ್ನು ಬಿಡಿಸಿಟ್ಟರು. ಅಂಗಾರ ಬಾಗಿಲು ತೆರೆದು ಯಂತ್ರದ ಒಳಗೆ ಕೈ ಹಾಕಿದ್ದಾನೆ. ಆಗ ಪಕ್ಕದ ಕೋಣೆಯಲ್ಲಿರುವ ಮುಖ್ಯ ಸ್ವಿಚ್ಚನ್ನು ಯಾರೋ ಮೇಲೆ ಎತ್ತಿ ಕರೆಂಟು ಹರಿಸಿದ್ದಾರೆ. ಅವನು ಬಿದ್ದ ಮೇಲೆ ಬಾಗಿಲು ಮುಚ್ಚಿ, ಮಾಲೆ ಕಟ್ಟಿ, ಯಂತ್ರವನ್ನು ಯಾರೂ ಮುಟ್ಟಿಯೇ ಇಲ್ಲವೆನ್ನುವ ಹಾಗೆ ಪೂಜೆಯನ್ನು ಮತ್ತೆ ಜೋಡಿಸಿದ್ದಾರೆ. ಗಂಧದ ಬದಲು ಅರಿಶಿಣ ಹಚ್ಚಿದ್ದೊಂದೇ ಅವರು ಮಾಡಿದ ತಪ್ಪು.

“ಮತ್ತೊಂದು ಮಾತು,” ಎಂದರು ರಾಯರು. “ಈ ಯಂತ್ರ ಬಾಡಿಗೀದು. ಟ್ಯಾಕ್ಸಿಗಿದ್ದಂಗ ಇದಕ್ಕೂ ಮೀಟರ್ ಅದ. ಪೂಜೀ ದಿನ ಮುಂಜಾನೆ ಬಾಡಿಗೀ ಕಂಪನಿಯವ ಬಂದು ಮೀಟರ್ ನೋಡ್ಕೊಂಡು ಹೋಗ್ಯಾನ. ಇವತ್ತ ನೋಡಿದ್ರ ಅದು ಮುಂದ ಓಡ್ಯದ. ನಿಂತ ಯಂತ್ರದ ಮೀಟರ್ ಓಡತದೇನು?”

ಕಾಂತಪ್ಪನ ಕಣ್ಣು ಮೀಟರಿನ ಕಡೆ ಹೋಯಿತು.

“ನೀವು ಅವತ್ತ ಪೂಜೀ ಮುಗದ ಮ್ಯಾಲೆ ಮತ್ತ ಬಂದಿದ್ರಿ.”

ಮರೆಮಾಚಿ ಪ್ರಯೋಜನವಿರಲಿಲ್ಲ. ವಾರದಿಂದ ಎದೆಯ ಮೇಲೆ ಕೂತಿದ್ದ ಮಾತನ್ನು ಕಾಂತಪ್ಪ ಒಂದೇ ಉಸಿರಿಗೆ ಹೊರಗೆ ಹಾಕಿದ. ಹೇಳುವಾಗ ಅವನಿಗೆ ನಾಚಿಕೆಯೂ ಆಯಿತು, ಹಗುರವೂ ಆಯಿತು.

ಅದು ಹೀಗೆ. ಕಂಪನಿಯ ಹೆಸರು ಸುಗಮ್ ಕಾರ್ಡ್. ಗಿರಾಕಿ ಹೋಟೆಲಿನಲ್ಲಿ ತಿಂದು, ಒಂದು ಪ್ಲಾಸ್ಟಿಕ್ಕಿನ ಕಾರ್ಡು ತೋರಿಸಿ, ಚೀಟಿಗೆ ಸಹಿ ಹಾಕಿ ಹೊರಡುತ್ತಾನೆ. ಚೀಟಿಗಳೆಲ್ಲ ವಿಕ್ರೋಳಿಗೆ ಬರುತ್ತವೆ. ಯಂತ್ರ ಒಟ್ಟು ಹಾಕಿ, ಯಾವ ಹೋಟೆಲಿಗೆ ಎಷ್ಟು ಎಂದು ತಿಂಗಳ ಕೊನೆಗೆ ಚೆಕ್ಕು ಹೊರಡಿಸುತ್ತದೆ. ಆ ಯಂತ್ರಕ್ಕೆ ಬುದ್ಧಿ ಕಲಿಸಿದವನು ಕಾಂತಪ್ಪ. ಆದರೆ ಕಲಿಸುವಾಗ ಒಂದು ಎಡವಟ್ಟು ಮಾಡಿದ್ದ. ಯಂತ್ರದಲ್ಲಿ ಜಾಗ ಉಳಿಸಬೇಕೆಂದು, ಹೋಟೆಲಿನ ಹೆಸರಿನ ಮೊದಲ ಕೆಲವು ಅಕ್ಷರ ಸಾಕು ಎಂದು ಬರೆದಿದ್ದ. ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಅರ್ಧಕ್ಕರ್ಧ ಕೃಷ್ಣನ ಹೆಸರಿನವು ಎಂಬುದು, ಅದೇ ಹೋಟೆಲುಗಳಲ್ಲಿ ಲೋಟ ತೊಳೆದು ಬೆಳೆದವನಿಗೇ ಹೊಳೆಯದೆ ಹೋಯಿತು. ಗ್ರಾಂಟ್ ರೋಡಿನ ಕೃಷ್ಣನ ಹಣ ಮಾಟುಂಗದ ಕೃಷ್ಣನ ಪಾಲಾಗತೊಡಗಿತು.

ಇದನ್ನು ಕಂಡುಹಿಡಿದವನು ಅಂಗಾರ. ಗ್ರಾಂಟ್ ರೋಡಿನ ಹೋಟೆಲೊಂದರ ಗಲ್ಲೆಯಲ್ಲಿ ಹಣ ತೆಗೆದುಕೊಳ್ಳಲು ಕೂರುವ ಅವನ ಭಾವ, ಚೆಕ್ಕು ಕಡಿಮೆ ಬರುತ್ತಿದೆ ಎಂದು ಗೊಣಗಿದ್ದರಿಂದ ಅದು ಗೊತ್ತಾಗಿತ್ತು. ದಸರೆಯ ಮರುದಿನವೇ ದೊಡ್ಡ ಬ್ಯಾಂಕೊಂದರವರು ಯಂತ್ರ ನೋಡಲು ಬರುವವರಿದ್ದರು. ಅವರಿಗೆ ಒಪ್ಪಿಗೆಯಾದರೆ ಬ್ಯಾಂಕು ಕಂಪನಿಯ ಜೊತೆ ಕೈಜೋಡಿಸುತ್ತದೆ, ಕಾಂತಪ್ಪ ಟೆಕ್ನಿಕಲ್ ಡೈರೆಕ್ಟರ್ ಆಗುತ್ತಾನೆ. ತಪ್ಪು ಬಯಲಾದರೆ ಎರಡೂ ಇಲ್ಲ. ಅಂಗಾರ ನೇರ ಮನುಷ್ಯ. ತಪ್ಪು ಸರಿಪಡಿಸದಿದ್ದರೆ ಚೇರ್ಮನ್ನರಿಗೆ ಹೇಳುವೆನೆಂದು ಕಾಂತಪ್ಪನ ಮನೆಗೇ ಬಂದು ಜಗಳ ಮಾಡಿದ್ದ. ಕೊನೆಗೆ ಇಬ್ಬರೂ ಒಪ್ಪಿ, ನವಮಿಯ ಪೂಜೆ ಮುಗಿದು ಎಲ್ಲರೂ ಮನೆಗೆ ಹೋದ ಮೇಲೆ, ಪೂಜೆ ಕೆಡಿಸುವುದಕ್ಕೆ ದೇವರಲ್ಲಿ ತಪ್ಪು ಕೇಳಿಕೊಂಡು, ಲೆಕ್ಕ ತಿದ್ದಲು ಯಂತ್ರ ಓಡಿಸಿದರು.

ಕೆಲಸ ಮುಗಿಯುವ ಹೊತ್ತಿಗೆ ಒಳಗೊಂದು ಫ್ಯೂಸು ಹೋಯಿತು. ಮುಖ್ಯ ಸ್ವಿಚ್ಚನ್ನು ಕಾಂತಪ್ಪನೇ ಕೆಳಗೆ ಎಳೆದ. ಚೇರ್ಮನ್ನರ ಮನೆಯ ಊಟಕ್ಕೆ ತಡವಾಗುತ್ತಿತ್ತು. ತಾನು ಫ್ಯೂಸು ಬದಲಿಸಿ, ಬಾಗಿಲು ಮುಚ್ಚಿ, ಗಂಧ ಹಚ್ಚಿ ಹೋಗುತ್ತೇನೆ ಎಂದು ಅಂಗಾರ ಹೇಳಿದ. ಗಂಧದ ಬಟ್ಟಲನ್ನು ಅವನ ಪಕ್ಕದಲ್ಲೇ ಇಟ್ಟು, ಟಾರ್ಚು ಕೊಟ್ಟು ಕಾಂತಪ್ಪ ಹೊರಟುಬಂದಿದ್ದ.

“ಅಷ್ಟೇ ಮಾರಾಯ್ರೇ. ನಾನು ಬರುವಾಗ ಅವ ಜೀವಂತ ಇದ್ದ. ಬೆಳಿಗ್ಗೆ ನೋಡುವಾಗ ಬಾಗಿಲು ಮುಚ್ಚಿತ್ತು, ಗಂಧ ಹಚ್ಚಿತ್ತು. ಕೆಲಸ ಮುಗಿಸಿದ ಮೇಲೆ ಎದೆನೋವು ಬಂದಿರಬೇಕು ಅಂತಲೇ ನಾನು ಎಣಿಸಿದ್ದು.”

“ಪೊಲೀಸರಿಗೆ ಯಂತ್ರ ಮುಟ್ಟೇ ಇಲ್ಲ ಅಂದ್ರಿ.”

“ಅಂದೆ.”

“ಕುರ್ಚಿ ಸಲುವಾಗಿ.”

ಕಾಂತಪ್ಪ ತಲೆ ತಗ್ಗಿಸಿದ. ಸುಳ್ಳು ಹೇಳುವವರಿಗೆಲ್ಲ ಒಂದು ಭ್ರಮೆ ಇರುತ್ತದೆ, ತಮ್ಮದು ಚಿಕ್ಕ ಸುಳ್ಳು ಎಂದು. ಕಾಂತಪ್ಪನ ಚಿಕ್ಕ ಸುಳ್ಳು ಈಗ ಅವನ ಕೊರಳಿಗೇ ಬಿಗಿಯುತ್ತಿತ್ತು.

ಬಸವಂತರಾಯರು ಮತ್ತೆ ಬಾಗಿಲ ಹತ್ತಿರ ಬಗ್ಗಿದರು. ಅವರಿಗೆ ಯಾವುದರಲ್ಲೂ ಅವಸರವಿರಲಿಲ್ಲ. ಅರಿಶಿಣವನ್ನು ಉಂಗುರದ ಬೆರಳಿನಿಂದ ಎಳೆದಿದ್ದಾರೆ, ಉಂಗುರದ ಅಂಚು ತಾಗಿ ಸಣ್ಣ ಗೀರು ಬಿದ್ದಿದೆ ಎಂದು ತೋರಿಸಿದರು. ಮೊದಲು ಅರಿಶಿಣ, ಅದು ಹಸಿಯಿದ್ದಾಗಲೇ ಮೇಲೆ ಕುಂಕುಮ. ತಮ್ಮ ಕಡೆಯ ಹೆಣ್ಣುಮಕ್ಕಳು ಹೊಸ್ತಿಲಿಗೆ, ಒಲೆಗೆ, ಹೊಲಿಗೆ ಯಂತ್ರಕ್ಕೆ ಹಚ್ಚುವುದು ಹೀಗೇ ಎಂದರು. ಅವರ ಕಡೆ ಎಂದರೆ ಕಲಬುರ್ಗಿ.

“ನಿಮ್ಮ ಆಫೀಸಿನ್ಯಾಗ ನಮ್ಮ ಕಡಿ ಹೆಣ್ಣುಮಕ್ಕಳು ಯಾರದಾರ?”

“ಯಾರೂ ಇಲ್ಲ. ವಾಚ್‌ಮನ್ ಹಣಮಂತ ಒಬ್ಬನೇ ಆ ಕಡೆಯವ. ಅವನೂ ಹಬ್ಬಕ್ಕೆ ಊರಿಗೆ ಹೋಗಿದ್ದ.”

“ಹಂಗಾದ್ರ ಹೊರಗಿನವರು.”

ರಾಯರು ಡಬ್ಬಿ ಜೇಬಿಗೆ ಇಳಿಸಿದರು. ಅವರ ಮುಖದಲ್ಲಿ ಸಿಟ್ಟಿಲ್ಲ, ಮರುಕವೂ ಇಲ್ಲ. ಮುಂದೂಡಿದ ಬ್ಯಾಂಕಿನ ಭೇಟಿ ನಾಳೆ ಬೆಳಿಗ್ಗೆ ಹತ್ತಕ್ಕೆ ಎಂಬುದನ್ನು ಅವರು ನೆನಪಿಸಿದರು. ಅದಕ್ಕೆ ಮುಂಚೆ ಚೇರ್ಮನ್ನರಿಗೆ ತಾವು ಒಂದು ಹೆಸರು ಕೊಡಬೇಕಾಗಿದೆ ಎಂದರು.

“ಇವತ್ತ ಸಂಜೀಗೆ ನಿಮ್ಮ ಮನೀಗೆ ಫೋನ್ ಮಾಡ್ತೀನಿ. ಆ ಬೆರಳು ಯಾರದಂತ ಹೇಳ್ರಿ. ಹೇಳದಿದ್ರ ನಿಮ್ಮ ಹೆಸರss ಕೊಡಬೇಕಾಗ್ತದ. ಕಡೀಗೆ ಅವನ ಜೋಡಿ ಇದ್ದವರು ನೀವss ಅಲ್ಲೇನು?”

ಕಾಂತಪ್ಪ ತಲೆಯಾಡಿಸಿದ. ಆ ಬೆರಳು ಯಾರದೆಂದು ಅವನಿಗೆ ಆಗಲೇ ಗೊತ್ತಾಗಿಬಿಟ್ಟಿತ್ತು.

ವಿಕ್ರೋಳಿಯಲ್ಲಿ ಲೋಕಲ್ ಹತ್ತಿ, ದಾದರಿನಲ್ಲಿ ಇಳಿದು, ಸೇತುವೆ ದಾಟಿ, ಬೊರಿವಲಿ ಗಾಡಿಯಲ್ಲಿ ಅವನು ಹೇಗೋ ಒಳಗೆ ನುಗ್ಗಿದ. ಮೇ ತಿಂಗಳ ರೈಲ್ವೆ ಮುಷ್ಕರದ ಮೇಲೆ ಗಾಡಿಗಳ ಗರ್ದಿ ಇನ್ನೂ ಹೆಚ್ಚಾಗಿತ್ತು. ಕೈಗೆ ಹಿಡಿಕೆ ಸಿಗಲಿಲ್ಲ. ಸುತ್ತಲಿನ ಮೈಗಳೇ ಅವನನ್ನು ನಿಲ್ಲಿಸಿದ್ದವು.

ಇದೇ ಲೈನಿನಲ್ಲಿ ಅವನ ಇಡೀ ಬದುಕು ಓಡಿತ್ತು. ಹನ್ನೆರಡನೆಯ ವಯಸ್ಸಿಗೆ ಗ್ರಾಂಟ್ ರೋಡಿನ ಹೋಟೆಲಿಗೆ ಲೋಟ ತೊಳೆಯಲು ಬಂದವನು, ಹಗಲು ತೊಳೆದು ರಾತ್ರಿ ಶಾಲೆಗೆ ಹೋದ. ಮೆಟ್ರಿಕ್ ಆದ ಮೇಲೆ ಫೋರ್ಟಿನ ಒಂದು ಕಂಪನಿಯಲ್ಲಿ ಕಾರ್ಡಿಗೆ ತೂತು ಹೊಡೆಯುವ ಕೆಲಸ ಸಿಕ್ಕಿತು. ರಟ್ಟಿನ ಕಾರ್ಡಿನಲ್ಲಿ ತೂತು ಎಲ್ಲಿ ಬಿದ್ದರೆ ಯಂತ್ರ ಏನು ಓದುತ್ತದೆ ಎಂಬುದು ಅವನ ತಲೆಗೆ ದೋಸೆ ಮಗುಚಿದಷ್ಟು ಸಲೀಸಾಗಿ ಹೋಯಿತು. ಡಿಗ್ರಿಯವರನ್ನು ಹಿಂದೆ ಹಾಕಿ ಅವನು ಮೇಲೆ ಹತ್ತಿದ. ಸುಗಮ್ ಕಾರ್ಡ್ ಶುರುವಾದಾಗ ಹೋಟೆಲು ಮಾಲಕರನ್ನು ಒಪ್ಪಿಸಿದವನೂ ಅವನೇ. ಪ್ಲಾಸ್ಟಿಕ್ಕಿನ ತುಂಡು ತೋರಿಸಿ ದೋಸೆ ತಿನ್ನುವುದಾ ಎಂದು ನಕ್ಕವರ ಎದುರು ತುಳುವಿನಲ್ಲಿ ಮಾತಾಡಿ, ಅವರ ಗಲ್ಲೆಯ ಪಕ್ಕದಲ್ಲಿ ಕೂತು, ಚಹಾ ಕುಡಿದು, ಒಬ್ಬೊಬ್ಬರಿಂದ ಸಹಿ ಹಾಕಿಸಿದ್ದ. ಲೋಟ ತೊಳೆದ ಕೈ ನಾಳೆ ಡೈರೆಕ್ಟರನ ಕಾಗದಕ್ಕೆ ರುಜು ಹಾಕುವುದರಲ್ಲಿತ್ತು.

ಫೋರ್ಟಿನ ಆ ಕಂಪನಿಯಲ್ಲೇ ದೇವಕ್ಕ ಇದ್ದಳು. ಅವನು ಹೊಡೆದ ಕಾರ್ಡನ್ನು ಅವಳು ಇನ್ನೊಂದು ಯಂತ್ರದಲ್ಲಿ ಮತ್ತೆ ಹೊಡೆದು ತಾಳೆ ನೋಡಬೇಕಿತ್ತು. ತಪ್ಪಿದ್ದರೆ ಯಂತ್ರದ ಕೆಂಪು ದೀಪ ಹೊತ್ತುತ್ತಿತ್ತು, ಅವಳು ಅವನ ಕಡೆ ತಿರುಗಿ ಹುಬ್ಬು ಎತ್ತುತ್ತಿದ್ದಳು. ಆ ಹುಬ್ಬು ನೋಡಲೆಂದೇ ಅವನು ಕೆಲವು ಸಲ ಬೇಕೆಂದೇ ತಪ್ಪು ಹೊಡೆದದ್ದುಂಟು. ಅವಳ ಅಪ್ಪ ಕಲಬುರ್ಗಿಯ ಕಡೆಯಿಂದ ವಿಕ್ರೋಳಿಯ ಫ್ಯಾಕ್ಟರಿಗಳ ಗೋಡೆ ಕಟ್ಟಲು ಬಂದವನು. ಎರಡೂ ಕಡೆಯವರ ವಿರೋಧದ ನಡುವೆ ಮದುವೆಯಾಯಿತು. ಹೆಂಡತಿಯನ್ನು ಅಕ್ಕ ಎಂದು ಕರೆಯುವ ಗಂಡ ಎಂದು ಊರ ಕಡೆಯ ಗೆಳೆಯರು ಈಗಲೂ ಅವನನ್ನು ಛೇಡಿಸುತ್ತಿದ್ದರು.

ಅಂಧೇರಿ ದಾಟುವಾಗ ನವಮಿಯ ಆ ರಾತ್ರಿ ಅವನಿಗೆ ನೆನಪಾಯಿತು. ಚೇರ್ಮನ್ನರ ಮನೆಯಿಂದ ಅವನು ಬಂದಾಗ ದೇವಕ್ಕ ಒದ್ದೆ ತಲೆ ಬಿಚ್ಚಿಕೊಂಡು ಕೂತಿದ್ದಳು. ಈ ಹೊತ್ತಿಗೆ ತಲೆಗೆ ನೀರು ಹಾಕಿಕೊಂಡೆಯಾ ಎಂದು ಕೇಳಿದ್ದ. ಸೆಕೆ ಎಂದಿದ್ದಳು. ಬೆಳಿಗ್ಗೆ ಹಬ್ಬಕ್ಕೆ ಎರೆದುಕೊಂಡ ತಲೆಗೆ ಅದೇ ದಿನ ಮತ್ತೆ ಸ್ನಾನ. ಹೆಣ ಮುಟ್ಟಿ ಬಂದವರಲ್ಲದೆ ಬೇರೆ ಯಾರು ಹಾಗೆ ಮಾಡುತ್ತಾರೆ?

ಅಂಗಾರ ಜಗಳಕ್ಕೆ ಬಂದ ದಿನ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಗಂಡನ ಏಳಿಗೆಗಾಗಿ ತನ್ನ ಕೆಲಸ ಬಿಟ್ಟವಳು, ಮಾಂಗಲ್ಯದ ಸರ ಒತ್ತೆಯಿಟ್ಟು ಅವನನ್ನು ಕೋರ್ಸಿಗೆ ಕಳಿಸಿದವಳು. ಮುಖ್ಯ ಸ್ವಿಚ್ಚು ಎಂದರೇನು, ಎಲ್ಲಿರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವಳ ಹೆಸರು ಹೇಳಿದರೆ ಕುರ್ಚಿ ಉಳಿಯುತ್ತದೆ. ಹೇಳದಿದ್ದರೆ ತಾನು ಜೈಲಿಗೆ. ಇಷ್ಟೇ ಲೆಕ್ಕ. ಇದಕ್ಕೆ ಯಂತ್ರ ಬೇಕಾಗಿರಲಿಲ್ಲ.

ಬೊರಿವಲಿಯಲ್ಲಿ ಅವನ ಬಿಲ್ಡಿಂಗು ರೈಲು ಹಳಿಗೆ ಹತ್ತಿರದಲ್ಲೇ ಇತ್ತು. ದೇವಕ್ಕ ಬಾಗಿಲು ತೆರೆದಳು. ಗಂಡನ ಮುಖ ನೋಡಿ ಚಹಾಕ್ಕಿಡಲು ಒಳಗೆ ತಿರುಗಿದವಳು ಅಲ್ಲೇ ನಿಂತಳು.

ಕಾಂತಪ್ಪ ಬೂಟು ಬಿಚ್ಚದೆ ಕುರ್ಚಿಯಲ್ಲಿ ಕೂತ. ದಾರಿಯುದ್ದಕ್ಕೂ ಹೊಂದಿಸಿಕೊಂಡ ಮಾತುಗಳೆಲ್ಲ ಎಲ್ಲಿಗೋ ಹೋದವು.

“ಯಂತ್ರದ ಬಾಗಿಲಿಗೆ ಅರಿಶಿಣ ಹಚ್ಚಿದ್ದು ನೀನಾ?” ಎಂದು ಕೇಳಿದ.

ಅವಳು ಅಳಲಿಲ್ಲ, ಬೆಚ್ಚಲಿಲ್ಲ. ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ವಾರದಿಂದ ಹೊತ್ತ ಮೂಟೆಯನ್ನು ಇಳಿಸಿದವರು ಹಾಗೆ ಕೂರುತ್ತಾರೆ.

“ನಾನss,” ಎಂದಳು. “ಗಂಧದ ಬಟ್ಟಲ ಹೆಣದ ಕೈ ಕೆಳಗ ಮಗಚಿ ಬಿದ್ದಿತ್ತು. ಅಲ್ಲಿಂದ ಬಳದು ತಗದು ಪೂಜೀಗೆ ಹ್ಯಾಂಗ ಹಚ್ಚಲಿ? ಬಟ್ಟಲ ತೊಳದು ಒಳಗಿಟ್ಟು, ಚೀಲದಾಗ ಗುಡಿಯ ಅರಿಶಿಣ ಕುಂಕುಮ ಇತ್ತು, ಅದನ್ನss ಹಚ್ಚಿದೆ.”

ಹೆಣ ಮುಟ್ಟಿದ ಗಂಧವನ್ನು ದೇವರಿಗೆ ಏರಿಸಲಾಗದ ಹೆಂಗಸು, ಹೆಣವನ್ನೇ ಬಚ್ಚಿಡಲು ಕೂತಿದ್ದಳು. ಮಡಿಯ ಬುದ್ಧಿ ಮನುಷ್ಯರನ್ನು ಎಂಥ ಹೊತ್ತಿನಲ್ಲೂ ಬಿಡುವುದಿಲ್ಲ. ಅದೇ ಅವಳನ್ನು ಹಿಡಿದುಕೊಟ್ಟಿತ್ತು.

“ಎಂತಕ್ಕೆ ದೇವಕ್ಕಾ? ನನ್ನ ಡೈರೆಕ್ಟರ್ ಕೆಲಸಕ್ಕೋಸ್ಕರ ಒಂದು ಜೀವ ತೆಗೀಬೇಕಾಗಿತ್ತಾ?”

ಅವಳು ತಲೆ ಎತ್ತಿ ಅವನನ್ನು ನೋಡಿದಳು. ಅಷ್ಟು ಹೊತ್ತು ಸಮಾಧಾನವಾಗಿದ್ದ ಅವಳ ಮುಖದಲ್ಲಿ ಈಗ ದಿಗಿಲು ಕಾಣಿಸಿತು.

“ನಾ ತಗದ್ನೇನು? ನಾ ಹೋಗೂದ್ರಾಗ ಅಂವ ಸತ್ತು ಬಿದ್ದಿದ್ದ. ಸ್ವಿಚ್ಚು ಮ್ಯಾಲ ಇತ್ತು, ನಾ ಅದನ್ನ ಕೆಳಗ ಎಳದೆ. ನೀವು ಮಾಡೀರಂತ ತಿಳದು ನಾ ಮುಚ್ಚಿಟ್ಟೀನಿ.”

ಅವಳೇ ಹೇಳುತ್ತ ಹೋದಳು. ಜಗಳದ ದಿನ ಗಂಡನ ಕಣ್ಣಿನಲ್ಲಿ ಕಂಡ ಸಿಟ್ಟನ್ನು ಅವಳು ಮರೆತಿರಲಿಲ್ಲ. ಅಂಗಾರ ಬಿದ್ದದ್ದನ್ನು ಕಂಡಾಗ ಮೊದಲು ಬಂದ ಯೋಚನೆ ಅದೇ. ಅಂದಿನಿಂದ ದಿನವೂ ಒಬ್ಬ ಕೊಲೆಗಾರನಿಗೆ ಅನ್ನ ಬಡಿಸುತ್ತಿದ್ದೇನೆ ಎಂದು ತಿಳಿದೇ ಬಡಿಸಿದ್ದಳು, ಅವನ ಪಕ್ಕದಲ್ಲೇ ಮಲಗಿದ್ದಳು. ಸತ್ತವನ ಹೆಂಡತಿ ನೀಲಾವತಿಯನ್ನು ನೋಡಿಬರಲು ಮಾತ್ರ ಅವಳಿಗೆ ಕಾಲು ಬರಲಿಲ್ಲ. ಹೇಳುತ್ತ ಹೇಳುತ್ತ ಅವಳು ಈಗ ಅತ್ತಳು.

ಕಾಂತಪ್ಪ ಎದ್ದು ಬಂದು ಅವಳ ಪಕ್ಕ ನೆಲದ ಮೇಲೆ ಕೂತ. ಅವನಿಗೆ ಅವಳ ಮೇಲೆ ಹೊಟ್ಟೆಯೊಳಗಿಂದ ಪ್ರೀತಿ ಉಕ್ಕಿತು, ಅದರ ಬೆನ್ನಿಗೇ ನಾಚಿಕೆಯೂ ಬಂತು. ಅವಳು ಅವನನ್ನು ಕೊಲೆಗಾರ ಎಂದು ನಂಬಿಯೂ ಕೈಬಿಟ್ಟಿರಲಿಲ್ಲ. ಅವನಾದರೋ, ಅವಳ ಹೆಸರು ಕೊಟ್ಟರೆ ಏನು ಉಳಿಯುತ್ತದೆ ಎಂದು ರೈಲಿನಲ್ಲಿ ಲೆಕ್ಕ ಹಾಕಿದ್ದ.

“ನಾನು ಮಾಡಿದ್ದಲ್ಲ,” ಎಂದ. “ದೇವರಾಣೆ ಅಲ್ಲ.”

“ಹಂಗಾದ್ರ ಯಾರು?”

ಆಗ ಕಾಂತಪ್ಪನಿಗೆ ಇನ್ನೊಂದು ಸಂಗತಿ ಹೊಳೆಯಿತು. ಬೊರಿವಲಿಯ ಹೆಂಗಸು ಹಬ್ಬದ ದಿನ ಅಷ್ಟು ದೂರದ ವಿಕ್ರೋಳಿಗೆ ಹೋದದ್ದಾದರೂ ಯಾಕೆ? ಅದನ್ನೇ ಅವಳಿಗೆ ಕೇಳಿದ.

“ನೀವss ಕರದ್ರಲ್ಲ,” ಎಂದಳು ದೇವಕ್ಕ, ಕಣ್ಣು ಒರೆಸಿಕೊಂಡು. “ಗುಡಿಯಿಂದ ಬಂದು ಇನ್ನೂ ಚೀಲ ಕೆಳಗಿಟ್ಟಿರಲಿಲ್ಲ, ಫೋನ್ ಬಂತು. ಸಾಹೇಬ್ರಿಗೆ ಆರಾಮಿಲ್ಲ, ಆಫೀಸಿನ್ಯಾಗ ಅದಾರ, ಲಗೂ ಬರ್ರಿ, ಯಾರಿಗೂ ಹೇಳಬ್ಯಾಡ್ರಿ ಅಂದ್ರು.”

“ಯಾರು?”

“ಹೆಸರ ಹೇಳಲಿಲ್ಲ. ನಮ್ಮ ಕಡಿ ಮಾತಿತ್ತು. ಅದಕ್ಕss ನಂಬಿದೆ.”

ಕಾಂತಪ್ಪ ಯಾರಿಗೂ ಫೋನ್ ಮಾಡಲು ಹೇಳಿರಲಿಲ್ಲ. ಆ ಹೊತ್ತಿಗೆ ತಾನು ಆಫೀಸಿನಲ್ಲಿ ಇರುವುದೇ ಅಂಗಾರನ ಹೊರತು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ಯಾರೋ ಹೊರಗೆ ಕಾದಿದ್ದಾನೆ. ಅಂಗಾರನನ್ನು ಮುಗಿಸಿ, ಹೆಣದ ಎದುರು ದೇವಕ್ಕನನ್ನು ತಂದು ನಿಲ್ಲಿಸಿದ್ದಾನೆ. ಅವಳು ಗಂಡನ ಮೇಲೆ ಸಂಶಯಪಟ್ಟು ಬಾಯಿ ಮುಚ್ಚಿಕೊಳ್ಳುತ್ತಾಳೆ ಎಂಬುದೂ ಅವನಿಗೆ ಗೊತ್ತಿತ್ತು.

ಅಷ್ಟರಲ್ಲಿ ಫೋನು ಗಣಗಣಿಸಿತು.

ಯಂತ್ರ ಕೆಟ್ಟರೆ ಕರೆಯಲೆಂದು ಕಂಪನಿಯೇ ಹಾಕಿಸಿಕೊಟ್ಟ ಫೋನು ಅದು. ದೇವಕ್ಕ ಎದ್ದು, ಅಭ್ಯಾಸಬಲದಿಂದ ಎತ್ತಿ ಕಿವಿಗೆ ಇಟ್ಟಳು. ಕೇಳುತ್ತ ಕೇಳುತ್ತ ಅವಳ ತುಟಿ ಬಿಳಿಚಿತು. ಅಂಗೈಯಿಂದ ಫೋನಿನ ಬಾಯಿ ಮುಚ್ಚಿ, ಗಂಡನ ಕಡೆ ತಿರುಗಿದಳು.

“ಅವತ್ತ ಕರದ ದನಿ ಇದss,” ಎಂದು ಪಿಸುಗುಟ್ಟಿದಳು.

ಕಾಂತಪ್ಪ ಅವಳ ಕೈಯಿಂದ ರಿಸೀವರ್ ತೆಗೆದುಕೊಂಡ.

“ಏನ್ರೀ ಸಾಹೇಬ್ರ,” ಎಂದಿತು ಬಸವಂತರಾಯರ ನಿಧಾನದ ಸ್ವರ. “ಹೆಸರ ಸಿಕ್ಕಿತೇನು?”

ಕೊಂದವನೇ ಪತ್ತೇದಾರನಾಗಿ ಬಂದು, ಕೊಲೆಯನ್ನು ತಲೆಗೆ ಕಟ್ಟಲು ಒಂದು ಹೆಸರು ಕೇಳುತ್ತಿದ್ದ; ಯಾಕೆ ಕೊಂದ ಎಂಬುದು ಮಾತ್ರ ಇನ್ನೂ ತಿಳಿದಿರಲಿಲ್ಲ. ಸುಳ್ಳು ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಬೇರೆ ಇರಲಿಲ್ಲ. ಆದರೆ ಕಾಂತಪ್ಪ ಹೆಂಡತಿಯ ಮುಖ ನೋಡಿದ. ಇಪ್ಪತ್ತು ವರ್ಷ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ್ದನ್ನು ಒಂದೇ ಮಾತಿನಲ್ಲಿ ಇಳಿದುಬಿಟ್ಟ.

“ಸಿಕ್ಕಿತು ರಾಯರೇ. ನಾಳೆ ಹತ್ತಕ್ಕೆ ಬ್ಯಾಂಕಿನವರ ಎದುರಿಗೇ ಹೇಳ್ತೇನೆ. ಯಂತ್ರ ಓಡಿಸಿದ್ದು ನಾನು, ತಪ್ಪು ಬರೆದದ್ದು ನಾನು ಅಂತಲೂ ಹೇಳ್ತೇನೆ. ಡೈರೆಕ್ಟರ್ ಕೆಲಸ ನನಗೆ ಬೇಡ.”

“ನಾಳಿ ತನಕ ಯಾಕ ಕಾಯ್ತೀರಿ?” ಎಂದರು ರಾಯರು. “ಮನ್ಯಾಗ ಇಬ್ಬರೇ ಇದ್ದೀರೇನು?”

ಕಾಂತಪ್ಪ ಅದನ್ನು ಬಿಟ್ಟು, ನೀವು ಎಲ್ಲಿಂದ ಮಾತಾಡುತ್ತಿದ್ದೀರಿ ಎಂದು ಕೇಳಿದ.

“ನಾನೇ? ಗ್ರಾಂಟ್ ರೋಡಿನ ಲಾಡ್ಜಿನ್ಯಾಗ. ರೂಮಿನ್ಯಾಗ ಕುಂತೀನಿ.”

ಆಗ ಕಿಟಕಿಯ ಕೆಳಗೆ, ರೈಲು ಹಳಿಯ ಗೇಟು ಹಾಕುವ ಮುಂಚಿನ ಗಂಟೆ ಹೊಡೆಯತೊಡಗಿತು. ಗ್ರಾಂಟ್ ರೋಡಿನಲ್ಲಿ ಅಂಥ ಗೇಟು ಒಂದೂ ಇಲ್ಲ. ಕಾಂತಪ್ಪ ರಿಸೀವರನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದ. ಅದೇ ಗಂಟೆ, ಒಂದು ಹೊಡೆತವೂ ಹಿಂದುಮುಂದಾಗದೆ, ಫೋನಿನೊಳಗೂ ಹೊಡೆಯುತ್ತಿತ್ತು.